ಆರೋಪ ತಿಳಿಸದ ಶಿಕ್ಷೆಗೆ ನಾವು ಒಗ್ಗಿಕೊಳ್ಳಬೇಕೇ?

ನಮ್ಮ ಪರಿಚಯದ ಯುವಕನೊಬ್ಬ ತನ್ನ ಊರಿನ ಸುದ್ದಿಗಳಿಗಾಗಿ ಸಾಮಾಜಿಕ ಜಾಲತಾಣದಲ್ಲಿ ಸಣ್ಣದೊಂದು ಪುಟವನ್ನು ನಡೆಸುತ್ತಿದ್ದ. ಪುರಸಭೆಯ ನಳ್ಳಿಯಲ್ಲಿ ನೀರು ಬಾರದ ದಿನಗಳು, ಸರಕಾರಿ ಶಾಲೆಯ ಸೋರುವ ಮಾಡು, ವಿದ್ಯಾರ್ಥಿ ವೇತನಕ್ಕೆ ಅರ್ಜಿ ಹಾಕುವ ಕೊನೆಯ ದಿನಾಂಕ, ಯಾರಿಗೋ ತುರ್ತಾಗಿ ಬೇಕಾದ ರಕ್ತ, ಇಂಥವೇ ಅಲ್ಲಿನ ಸರಕು. ಆಗಾಗ ಹೊರರಾಜ್ಯಗಳ ಸುದ್ದಿಗಳನ್ನೂ ತನ್ನ ಒಂದೆರಡು ಮಾತು ಸೇರಿಸಿ ಹಂಚುತ್ತಿದ್ದ. ಒಂದು ಬೆಳಿಗ್ಗೆ ನೋಡುವಾಗ ಆ ಪುಟವಿರಲಿಲ್ಲ. ಅದರ ಜಾಗದಲ್ಲಿ, ಕಾನೂನಾತ್ಮಕ ಕೋರಿಕೆಯ ಮೇರೆಗೆ ಇದನ್ನು ಭಾರತದಲ್ಲಿ ತಡೆಹಿಡಿಯಲಾಗಿದೆ ಎಂಬ ಅರ್ಥದ ಒಂದು ಸಾಲು ಇತ್ತು. ಯಾರ ಕೋರಿಕೆ? ಯಾವ ಕಾನೂನು? ನಾನೂರಕ್ಕೂ ಹೆಚ್ಚು ಬರಹಗಳಲ್ಲಿ ಯಾವುದು ಅಪರಾಧ? ಉತ್ತರವಿಲ್ಲ. ಆತ ನಮ್ಮ ಬಳಿಗೆ ಬಂದಾಗ ಕೋಪಕ್ಕಿಂತ ಹೆಚ್ಚಾಗಿ ಗೊಂದಲದಲ್ಲಿದ್ದ. ಜೊತೆಗೆ ಬಂದಿದ್ದ ತಂದೆಯ ಮುಖದಲ್ಲಿ ಮಾತ್ರ ಒಂದು ಬಗೆಯ ನೆಮ್ಮದಿಯಿತ್ತು. "ಒಳ್ಳೆಯದೇ ಆಯಿತು, ಇನ್ನಾದರೂ ಅಂಗಡಿಯಲ್ಲಿ ಕುಳಿತುಕೊಳ್ಳಲಿ. ನಮಗೇಕೆ ಇದೆಲ್ಲ?" ಎಂದರು ಅವರು.

ಆ ತಂದೆಯನ್ನು ನಾವು ದೂಷಿಸುವುದಿಲ್ಲ. ಮಗನ ಮೇಲೆ ಮೊಕದ್ದಮೆ ಬಿದ್ದರೆ ವಕೀಲರ ಶುಲ್ಕಕ್ಕಾಗಿ ಮನೆಯ ಒಡವೆ ಅಡವಿಡಬೇಕಾದೀತು ಎಂಬ ಲೆಕ್ಕಾಚಾರ ನಮ್ಮ ಪಟ್ಟಣಗಳ ಎಷ್ಟೋ ಮನೆಗಳಲ್ಲಿ ನಡೆಯುತ್ತಿರುತ್ತದೆ. ಆದರೆ ಒಂದು ಮಾತನ್ನು ಅವರಿಗೆ ಅಂದೇ ಹೇಳಿದೆವು, ಇಲ್ಲಿಯೂ ಹೇಳುತ್ತೇವೆ. ಸರಕಾರವು ತಡೆದದ್ದು ಒಂದು ಪುಟವನ್ನು ಮಾತ್ರ. ಉಳಿದುದನ್ನು ತಡೆಯುತ್ತಿರುವುದು ನಮ್ಮ ಮನೆಗಳು.

1975ರ ತುರ್ತು ಪರಿಸ್ಥಿತಿಯ ಸೆನ್ಸಾರನ್ನು ಕಂಡ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಆಗ ಸೆನ್ಸಾರ್ ಅಧಿಕಾರಿಗೆ ಒಂದು ಕಚೇರಿಯಿತ್ತು. ಅಲ್ಲಿಗೆ ಪುಟಗಳನ್ನು ಕೊಂಡೊಯ್ಯಬೇಕಿತ್ತು, ಆತ ಗೀಟು ಹಾಕಿದ್ದು ಸಂಪಾದಕನ ಕಣ್ಣಿಗೆ ಕಾಣುತ್ತಿತ್ತು. ಆ ವರ್ಷದ ಜೂನ್ 28ರಂದು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಪ್ರಕಟವಾಯಿತು. ಅದನ್ನು ಕೈಗೆತ್ತಿಕೊಂಡ ಓದುಗನಿಗೆ, ಇಲ್ಲೊಂದು ಮಾತು ಇರಬೇಕಿತ್ತು, ಅದನ್ನು ಯಾರೋ ಕಿತ್ತುಕೊಂಡಿದ್ದಾರೆ ಎಂಬುದಾದರೂ ತಿಳಿಯಿತು. ಇಂದಿನ ಸೆನ್ಸಾರ್ ಖಾಲಿ ಜಾಗವನ್ನೂ ಉಳಿಸುವುದಿಲ್ಲ. ತಡೆದವರು ಯಾರೆಂದು ಬರೆದವನಿಗೆ ಗೊತ್ತಾಗುವುದಿಲ್ಲ, ತಡೆಯಲಾಗಿದೆ ಎಂಬುದೇ ಓದುಗನಿಗೆ ಗೊತ್ತಾಗುವುದಿಲ್ಲ. ಬೆರಳಿನ ತುದಿಯಿಂದ ಮೇಲಕ್ಕೆ ಸರಿಸುವಾಗ ಒಂದು ಪುಟ ಕಾಣಿಸದಿದ್ದರೆ ಅದನ್ನು ಹುಡುಕುವವರು ಎಷ್ಟು ಮಂದಿ?

ಈ ವ್ಯವಸ್ಥೆ ಹೇಗೆ ನಡೆಯುತ್ತದೆಂದು ಮೊದಲು ತಿಳಿಯೋಣ. ಏಕೆಂದರೆ ನಮ್ಮಲ್ಲಿ ಹೆಚ್ಚಿನವರು ಇದನ್ನು ಮೊಬೈಲ್ ಕಂಪೆನಿಗಳ ಕಿತಾಪತಿ ಎಂದೇ ಭಾವಿಸಿದ್ದಾರೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ತಿದ್ದುಪಡಿ ತಂದು 69ಎ ಎಂಬ ಕಲಮನ್ನು ಸೇರಿಸಲಾಯಿತು. ದೇಶದ ಸಾರ್ವಭೌಮತೆ, ರಕ್ಷಣೆ, ಭದ್ರತೆ, ವಿದೇಶಗಳೊಂದಿಗಿನ ಮೈತ್ರಿ, ಸಾರ್ವಜನಿಕ ಸುವ್ಯವಸ್ಥೆ ಇತ್ಯಾದಿ ಕಾರಣಗಳಿಗಾಗಿ ಕೇಂದ್ರ ಸರಕಾರ ಯಾವುದೇ ಬರಹ, ಚಿತ್ರ, ಖಾತೆಯನ್ನು ತಡೆಯುವಂತೆ ಆಜ್ಞಾಪಿಸಬಹುದು. ಆಜ್ಞೆಯನ್ನು ಪಾಲಿಸದ ಕಂಪೆನಿಯ ಹೊಣೆಗಾರರಿಗೆ ಏಳು ವರ್ಷಗಳವರೆಗೆ ಸೆರೆವಾಸ. 2009ರಲ್ಲಿ ಇದಕ್ಕೆ ನಿಯಮಗಳು ಬಂದವು. ಬರೆದವನನ್ನು ಅಥವಾ ಕಂಪೆನಿಯನ್ನು ಕರೆದು ಕೇಳಬೇಕು, ಸಮಿತಿ ಪರಿಶೀಲಿಸಬೇಕು, ಕಾರಣಗಳನ್ನು ಬರವಣಿಗೆಯಲ್ಲಿ ದಾಖಲಿಸಬೇಕು ಎಂದೆಲ್ಲ ಆ ನಿಯಮಗಳಲ್ಲಿದೆ. ಓದಲು ಸೊಗಸಾಗಿಯೇ ಇದೆ. ಆದರೆ ಅದೇ ನಿಯಮಗಳ ಹದಿನಾರನೆಯದು, ದೂರು ಮತ್ತು ಅದರ ಮೇಲಿನ ಕ್ರಮ ಎರಡನ್ನೂ ಕಟ್ಟುನಿಟ್ಟಾಗಿ ಗುಟ್ಟಾಗಿಡಬೇಕೆನ್ನುತ್ತದೆ. ಕಾರಣವನ್ನು ಬರೆದಿಡಬೇಕು, ಆದರೆ ಶಿಕ್ಷೆಗೊಳಗಾದವನಿಗೆ ತೋರಿಸಬೇಕಾಗಿಲ್ಲ! ಮನೆಗೆ ಬೀಗ ಜಡಿದು ಕೀಲಿಕೈಯನ್ನು ಕಡತದೊಳಗೆ ಇಟ್ಟಂತಾಯಿತು.

ಈ ಕಾಯ್ದೆಯ ಇನ್ನೊಂದು ಕಲಮನ್ನು ಓದುಗರು ಮರೆತಿರಲಾರರು. 2012ರ ನವೆಂಬರ್‌ನಲ್ಲಿ ಬಾಳಾ ಠಾಕ್ರೆಯವರ ನಿಧನದ ಬಳಿಕ ಮುಂಬೈ ಸ್ತಬ್ಧವಾದುದನ್ನು ಪ್ರಶ್ನಿಸಿ ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆದಳು. ಅವಳ ಗೆಳತಿ ಅದನ್ನು ಮೆಚ್ಚಿದಳು, ಅಷ್ಟೇ. ಪೊಲೀಸರು ಇಬ್ಬರನ್ನೂ ಬಂಧಿಸಿದರು. ಬರೆದವಳ ಬಂಧುವಿನ ಆಸ್ಪತ್ರೆಯನ್ನು ಗುಂಪೊಂದು ಪುಡಿಗಟ್ಟಿತು. ಇದಕ್ಕೆಲ್ಲ ನೆರವಾದದ್ದು 66ಎ ಎಂಬ ಕಲಮು. ಕಿರಿಕಿರಿ ಉಂಟುಮಾಡುವ ಮಾತಿಗೂ ಮೂರು ವರ್ಷ ಸೆರೆವಾಸ ವಿಧಿಸಬಲ್ಲ ಕಲಮು ಅದು. ಆಗ ಶ್ರೇಯಾ ಸಿಂಘಾಲ್ ಎಂಬ ಯುವತಿ ಸುಪ್ರೀಮ್ ಕೋರ್ಟಿಗೆ ಹೋದರು. 2015ರ ಮಾರ್ಚ್ 24ರಂದು ನ್ಯಾಯಮೂರ್ತಿಗಳಾದ ಚೆಲಮೇಶ್ವರ್ ಮತ್ತು ನಾರಿಮನ್ ಅವರ ಪೀಠ ಆ ಕಲಮನ್ನು ಸಂವಿಧಾನಬಾಹಿರವೆಂದು ರದ್ದುಪಡಿಸಿತು. ಒಂದು ಪಕ್ಷವಲ್ಲ, ಒಂದು ಸಂಘಟನೆಯಲ್ಲ, ಇಪ್ಪತ್ತರ ಹರೆಯದ ಒಬ್ಬ ಹೆಣ್ಣುಮಗಳ ಅರ್ಜಿಯಿಂದ ಇದು ಆರಂಭವಾಯಿತೆಂಬುದನ್ನು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಓದಿನ ಕುರಿತು ಚರ್ಚೆ ನಡೆಯುವಾಗ ನೆನಪಿಸಿಕೊಂಡರೆ ಒಳ್ಳೆಯದು. ಇರಲಿ, ಅದು ಬೇರೆ ವಿಷಯ. ಸತ್ತ ಕಲಮು ಕೂಡಾ ಠಾಣೆಗಳಲ್ಲಿ ಬದುಕಿತ್ತು ಎಂಬುದು ಇನ್ನೂ ವಿಚಿತ್ರ. ಆ ಕಲಮಿನಡಿ ಯಾರ ಮೇಲೂ ಮೊಕದ್ದಮೆ ನಡೆಸಬಾರದೆಂದು 2022ರ ಅಕ್ಟೋಬರ್‌ನಲ್ಲಿ ಸುಪ್ರೀಮ್ ಕೋರ್ಟು ಮತ್ತೊಮ್ಮೆ ಆದೇಶಿಸಬೇಕಾಯಿತು.

ಅದೇ 2015ರ ತೀರ್ಪು 69ಎ ಕಲಮನ್ನು ಮಾತ್ರ ಉಳಿಸಿತು. ಅದಕ್ಕೆ ಕೊಟ್ಟ ಸಮರ್ಥನೆಯೆಂದರೆ, ಇಲ್ಲಿ ಕಾರಣವನ್ನು ಬರವಣಿಗೆಯಲ್ಲಿ ನೀಡಬೇಕಾಗಿರುವುದರಿಂದ ಅನ್ಯಾಯವಾದವನು ನ್ಯಾಯಾಲಯಕ್ಕೆ ಬಂದು ಅದನ್ನು ಪ್ರಶ್ನಿಸಬಹುದು. ಒಪ್ಪೋಣ. ಆದರೆ ಕೈಗೆ ಸಿಗದ ಆದೇಶವನ್ನು ಪ್ರಶ್ನಿಸುವುದು ಹೇಗೆ? ಸರಕಾರವೇ ಸಂಸತ್ತಿಗೆ ನೀಡಿದ ಲೆಕ್ಕದಂತೆ 2014ರಲ್ಲಿ ಈ ಕಲಮಿನಡಿ ತಡೆಯಲಾದದ್ದು 471 ಕೊಂಡಿಗಳು, 2020ರಲ್ಲಿ 9,849. ಇವುಗಳಲ್ಲಿ ಎಷ್ಟು ಮಂದಿಗೆ ನೋಟೀಸು ಹೋಯಿತು, ಎಷ್ಟು ಮಂದಿಯ ಮಾತನ್ನು ಸಮಿತಿ ಕೇಳಿತು ಎಂಬುದು ಗುಟ್ಟಿನ ನಿಯಮದೊಳಗೆ ಹೂತುಹೋಗಿದೆ.

ಈ ಕಥೆಯ ಮುಂದಿನ ಭಾಗ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ರೈತ ಚಳವಳಿ ಉತ್ತುಂಗದಲ್ಲಿದ್ದ 2021ರ ಫೆಬ್ರವರಿ 1ರಂದು ಕ್ಯಾರವಾನ್ ಪತ್ರಿಕೆ ಮತ್ತು ಕಿಸಾನ್ ಏಕತಾ ಮೋರ್ಚಾ ಸೇರಿದಂತೆ ಸುಮಾರು 250 ಟ್ವಿಟರ್ ಖಾತೆಗಳು ದೇಶದಲ್ಲಿ ಕಾಣದಾದವು. ಕೂಗೆದ್ದಾಗ ಅದೇ ದಿನ ತೆರೆದುಕೊಂಡವು. ಸರಕಾರ ಜೈಲಿನ ಎಚ್ಚರಿಕೆ ನೀಡಿತು. ಕೊನೆಗೆ 39 ಕೊಂಡಿಗಳ ತಡೆಯನ್ನು ಪ್ರಶ್ನಿಸಿ ಕಂಪೆನಿ 2022ರಲ್ಲಿ ಕರ್ನಾಟಕ ಹೈಕೋರ್ಟಿಗೆ ಬಂತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿಯನ್ನು ವಜಾಗೊಳಿಸಿ, ಆಜ್ಞೆಗಳನ್ನು ಪಾಲಿಸಲು ತಡಮಾಡಿದ್ದಕ್ಕಾಗಿ ಕಂಪೆನಿಗೆ 50 ಲಕ್ಷ ರೂಪಾಯಿ ದಂಡ ವಿಧಿಸಿದರು. ಆ ಕಂಪೆನಿ ಕೈಬದಲಾಗಿ ಎಕ್ಸ್ ಎಂಬ ಹೆಸರು ಪಡೆಯಿತು. 2025ರಲ್ಲಿ ಮತ್ತೆ ಅದೇ ಹೈಕೋರ್ಟಿಗೆ ಬಂತು. ಈ ಸಲದ ವಿವಾದ 'ಸಹಯೋಗ್' ಎಂಬ ಪೋರ್ಟಲಿನದ್ದು. 2024ರಲ್ಲಿ ಕೇಂದ್ರ ಗೃಹ ಇಲಾಖೆ ಆರಂಭಿಸಿದ ಈ ವ್ಯವಸ್ಥೆಯಲ್ಲಿ 69ಎ ಕಲಮಿನ ಸಮಿತಿಯೂ ಇಲ್ಲ, ವಿಚಾರಣೆಯೂ ಇಲ್ಲ. ವಿವಿಧ ಇಲಾಖೆಗಳ ಮತ್ತು ರಾಜ್ಯ ಪೊಲೀಸರ ಅಧಿಕಾರಿಗಳು 79ನೇ ಕಲಮಿನ ಒಂದು ಉಪವಿಧಿಯ ಹೆಸರಿನಲ್ಲಿ ಕಂಪೆನಿಗಳಿಗೆ ನೇರವಾಗಿ, ಇದನ್ನು ತೆಗೆಯಿರಿ ಎಂದು ಹೇಳಬಹುದು. ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಈ ಅರ್ಜಿಯನ್ನೂ ತಳ್ಳಿಹಾಕಿದರು. ವಾಕ್ ಸ್ವಾತಂತ್ರ್ಯದ 19ನೇ ವಿಧಿ ನಾಗರಿಕರದ್ದು, ವಿದೇಶೀ ಕಂಪೆನಿ ಅದನ್ನು ತನ್ನದೆಂದು ಹೇಳಿಕೊಳ್ಳಲಾಗದು ಎಂಬುದು ತೀರ್ಪಿನ ಒಂದು ಮುಖ್ಯ ಮಾತು.

ನ್ಯಾಯಾಲಯದ ಮೇಲೆ ಗೌರವವಿಟ್ಟುಕೊಂಡೇ ಕೇಳುತ್ತೇವೆ. ಆ ಹಕ್ಕು ನಾಗರಿಕನದ್ದು ಎಂಬುದು ಸರಿಯೇ. ಅಮೆರಿಕದ ಕೋಟ್ಯಧೀಶನ ಕಂಪೆನಿಯ ಮೇಲೆ ನಮಗೂ ಮಮತೆಯಿಲ್ಲ. ತನ್ನ ಲಾಭಕ್ಕೆ ಅಡ್ಡಿಯಾಗದಿದ್ದರೆ ಅದು ದ್ವೇಷವನ್ನೂ ಮಾರುತ್ತದೆ, ಪ್ರೀತಿಯನ್ನೂ ಮಾರುತ್ತದೆ. ಆದರೆ ಹಕ್ಕಿರುವ ನಾಗರಿಕನಿಗೆ ಆದೇಶ ಸಿಗುವುದಿಲ್ಲ, ಆದೇಶ ಸಿಗುವ ಕಂಪೆನಿಗೆ ಹಕ್ಕಿಲ್ಲ. ಹಾಗಾದರೆ ನ್ಯಾಯಾಲಯದ ಮೆಟ್ಟಿಲೇರಬೇಕಾದವರು ಯಾರು? ಈ ಗುಟ್ಟಿನ ನಿಯಮವನ್ನೇ ಪ್ರಶ್ನಿಸಿದ ಅರ್ಜಿಯೊಂದರ ಮೇಲೆ 2025ರ ಮಾರ್ಚ್‌ನಲ್ಲಿ ಸುಪ್ರೀಮ್ ಕೋರ್ಟು ಕೇಂದ್ರಕ್ಕೆ ನೋಟೀಸು ನೀಡಿದ್ದು, ಈ ಪ್ರಶ್ನೆ ಬರೀ ನಮ್ಮ ತಕರಾರಲ್ಲವೆಂಬುದಕ್ಕೆ ಸಾಕ್ಷಿ.

ದೇಶದ ಭದ್ರತೆಗಾಗಿ ಇಷ್ಟೂ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು, ನಿಜವಾಗಿ ಭದ್ರತೆಗಾಗಿಯೇ ಆಗಿದ್ದರೆ. 2025ರ ಫೆಬ್ರವರಿ 15ರ ರಾತ್ರಿ ಹೊಸದಿಲ್ಲಿ ರೈಲು ನಿಲ್ದಾಣದ ಕಾಲ್ತುಳಿತದಲ್ಲಿ 18 ಮಂದಿ ಮೃತಪಟ್ಟರು. ಎರಡೇ ದಿನಗಳಲ್ಲಿ ರೈಲ್ವೆ ಇಲಾಖೆ ಆ ದುರಂತದ 285 ಕೊಂಡಿಗಳನ್ನು ತೆಗೆಯುವಂತೆ ಎಕ್ಸ್ ಕಂಪೆನಿಗೆ ಬರೆಯಿತು. ಸತ್ತವರ ಚಿತ್ರಗಳನ್ನು ಹಂಚುವುದು ಸಭ್ಯತೆಯಲ್ಲ ಎಂಬ ಮಾತನ್ನು ನಾವೂ ಒಪ್ಪುತ್ತೇವೆ. ಆದರೆ ಆ ದೃಶ್ಯಗಳಲ್ಲಿ ಬೆತ್ತಲಾದದ್ದು ಮೃತರ ಮಾನವೋ, ನಿಲ್ದಾಣವನ್ನು ನಡೆಸಬೇಕಾದವರ ಹೊಣೆಗೇಡಿತನವೋ? ಅದೇ ತಿಂಗಳಲ್ಲಿ ತಮಿಳಿನ ವಿಕಟನ್ ಬಳಗದ ಇಡೀ ಜಾಲತಾಣವನ್ನು ತಡೆಯಲಾಯಿತು. ಕಾರಣವೆಂದರೆ ಅಮೆರಿಕದ ಅಧ್ಯಕ್ಷರ ಮುಂದೆ ಕೈಕೋಳ ತೊಟ್ಟು ಕುಳಿತ ಪ್ರಧಾನಿಯ ಒಂದು ವ್ಯಂಗ್ಯಚಿತ್ರ. ಭಾರತೀಯ ವಲಸಿಗರನ್ನು ಅಮೆರಿಕ ಕೋಳ ತೊಡಿಸಿ ವಿಮಾನದಲ್ಲಿ ಕಳುಹಿಸಿದ್ದ ದಿನಗಳವು. 1926ರಲ್ಲಿ ಆರಂಭವಾದ ಪತ್ರಿಕೆಯ ಬಳಗವೊಂದು ಒಂದು ಗೆರೆಚಿತ್ರಕ್ಕಾಗಿ ಕಾಣೆಯಾಯಿತು. ಸಂಪಾದಕರು ಸುಮ್ಮನಿರಲಿಲ್ಲ, ಮದ್ರಾಸ್ ಹೈಕೋರ್ಟಿಗೆ ಹೋದರು. ಚಿತ್ರವನ್ನು ತಾತ್ಕಾಲಿಕವಾಗಿ ತೆಗೆದರೆ ತಾಣವನ್ನು ತೆರೆಯಬೇಕೆಂದು ಮಾರ್ಚ್‌ನಲ್ಲಿ ನ್ಯಾಯಾಲಯ ಹೇಳಿತು. ಅದೇ ವರ್ಷದ ಮೇ ತಿಂಗಳಲ್ಲಿ, ಪಾಕಿಸ್ತಾನದೊಂದಿಗಿನ ಸಂಘರ್ಷದ ದಿನಗಳಲ್ಲಿ, ಎಂಟು ಸಾವಿರಕ್ಕೂ ಹೆಚ್ಚು ಖಾತೆಗಳನ್ನು ತಡೆಯಲು ಆದೇಶ ಬಂದಿದೆಯೆಂದೂ ಬಹುತೇಕ ಪ್ರಕರಣಗಳಲ್ಲಿ ಯಾವ ಬರಹ ತಪ್ಪೆಂದು ತಿಳಿಸಿಲ್ಲವೆಂದೂ ಎಕ್ಸ್ ಕಂಪೆನಿಯೇ ಬಹಿರಂಗವಾಗಿ ಹೇಳಿತು. ಯುದ್ಧದ ಹೊತ್ತಿನಲ್ಲಿ ಸರಕಾರಕ್ಕೆ ಕೆಲವು ಅಧಿಕಾರಗಳಿರಬೇಕು, ನಿಜ. ಆದರೆ ಆ ದಿನಗಳಲ್ಲಿ ಕರಾಚಿಯನ್ನು ನೆಲಸಮ ಮಾಡಿದ ಸುಳ್ಳನ್ನು ಸ್ಟುಡಿಯೋದಲ್ಲಿ ಕುಳಿತು ಬಿತ್ತರಿಸಿದ ವಾಹಿನಿಗಳ ಬಾಗಿಲಿಗೆ ಯಾವ ಬೀಗವೂ ಬೀಳಲಿಲ್ಲ.

ಇನ್ನು ಕಾಶ್ಮೀರ. 2019ರ ಆಗಸ್ಟ್ 5ರಂದು ಅಲ್ಲಿ ಮುಚ್ಚಿದ್ದು ಒಂದು ಪುಟವಲ್ಲ, ಎಲ್ಲವೂ. ಸ್ಥಿರ ದೂರವಾಣಿಯೂ ಸದ್ದಡಗಿತು. ಹೊರ ರಾಜ್ಯಗಳಲ್ಲಿ ಓದುತ್ತಿದ್ದ ಮಕ್ಕಳಿಗೆ ವಾರಗಟ್ಟಲೆ ತಾಯಿಯ ಸ್ವರ ಕೇಳಲಿಲ್ಲ. 4ಜಿ ಸೇವೆ ಪೂರ್ತಿಯಾಗಿ ಮರಳಿದ್ದು 2021ರ ಫೆಬ್ರವರಿಯಲ್ಲಿ. ಅಂದರೆ ದೇಶದ ಉಳಿದ ಮಕ್ಕಳು ಕೊರೋನಾ ಕಾಲದಲ್ಲಿ ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಗ ಅಲ್ಲಿಯ ಮಕ್ಕಳು ಆಮೆವೇಗದ 2ಜಿ ಹಿಡಿದು ಕುಳಿತಿದ್ದರು. ಕಾಶ್ಮೀರ್ ಟೈಮ್ಸ್ ಪತ್ರಿಕೆಯ ಅನುರಾಧಾ ಭಾಸಿನ್ ಸುಪ್ರೀಮ್ ಕೋರ್ಟಿಗೆ ಹೋದರು. ಅಂತರ್ಜಾಲವನ್ನು ಅನಿರ್ದಿಷ್ಟಾವಧಿಗೆ ಕಡಿತಗೊಳಿಸುವಂತಿಲ್ಲ, ಆದೇಶಗಳನ್ನು ಪ್ರಕಟಿಸಬೇಕು ಎಂದು 2020ರ ಜನವರಿ 10ರಂದು ನ್ಯಾಯಾಲಯ ಹೇಳಿತು. ಅದೇ ತೀರ್ಪಿನಿಂದ ಅಂದೇ ಸಂಪರ್ಕ ಮರಳಲಿಲ್ಲ ಎಂಬುದು ಕಹಿ ಸತ್ಯ. ಆದರೂ ಆದೇಶ ಬಹಿರಂಗವಾಗಿರಬೇಕೆಂಬ ಮಾತು ಕಾನೂನಿನ ಪುಸ್ತಕದಲ್ಲಿ ಸೇರಿತು. ಇಂದು ಯಾವ ಜಿಲ್ಲೆಯಲ್ಲಿ ಇಂಟರ್‌ನೆಟ್ ಕಡಿದರೂ ಆದೇಶದ ಪ್ರತಿ ಎಲ್ಲಿದೆ ಎಂದು ಕೇಳಲು ನಮಗೆ ಒಂದು ಆಧಾರವಿದೆ. ಅದನ್ನು ಕೇಳುವವರು ಎಷ್ಟು ಮಂದಿ ಎಂಬುದೇ ಪ್ರಶ್ನೆ.

ಇಷ್ಟರವರೆಗೆ ನಾವು ಆಳುವವರ ಕುರಿತು ಬರೆದೆವು, ಓದುಗರು ತಲೆದೂಗಿರಬಹುದು. ಇನ್ನು ನಮ್ಮ ಕುರಿತೂ ಬರೆಯಬೇಕಾಗಿದೆ.

2012ರ ಆಗಸ್ಟ್ ತಿಂಗಳು, ಪವಿತ್ರ ರಮಝಾನ್. ಅಸ್ಸಾಮಿನ ಗಲಭೆಗೆ ಪ್ರತೀಕಾರವಾಗಿ ಮುಸ್ಲಿಮರು ಈಶಾನ್ಯದವರ ಮೇಲೆ ಎರಗಲಿದ್ದಾರೆಂಬ ವದಂತಿ ಮೊಬೈಲ್ ಸಂದೇಶಗಳಲ್ಲಿ ಹಬ್ಬಿ, ಸಾವಿರಾರು ಮಂದಿ ಗಂಟುಮೂಟೆ ಕಟ್ಟಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಸರಕಾರ ಸಗಟು ಎಸ್ಸೆಮ್ಮೆಸ್ಸನ್ನು ಹದಿನೈದು ದಿನ ನಿರ್ಬಂಧಿಸಿತು, ಸುಮಾರು 300 ಪುಟಗಳನ್ನು ತಡೆಯಿತು. ಆ ನಿರ್ಬಂಧವನ್ನು ನಾವು ಇಂದೂ ಸಾರಾಸಗಟು ಖಂಡಿಸಲಾರೆವು. ಅಪಾಯ ನಿಜವಾಗಿತ್ತು, ಎಸ್ಸೆಮ್ಮೆಸ್ಸಿನ ಮಿತಿಗೆ ದಿನಗಳ ಲೆಕ್ಕವಿತ್ತು, ಅದನ್ನು ಎಲ್ಲರಿಗೂ ಹೇಳಿಯೇ ಮಾಡಲಾಗಿತ್ತು. ಆದರೆ ತಡೆಯಲಾದ ಪುಟಗಳ ಪಟ್ಟಿ ಹೊರಬಂದಾಗ, ಆ ವದಂತಿಗಳ ಚಿತ್ರಗಳು ಸುಳ್ಳೆಂದು ಬಯಲುಮಾಡಿದ ಬರಹಗಳೂ ಅದರಲ್ಲಿದ್ದವು. ಬೆಂಕಿ ನಂದಿಸಲು ಬಂದವನ ಕೊಡವನ್ನೂ ಕಿತ್ತುಕೊಂಡಿದ್ದರು. ರೈಲು ಹತ್ತಲು ಹೊರಟಿದ್ದವರಿಗೆ ಧೈರ್ಯ ಹೇಳಲು ಹೋದವರಲ್ಲಿ ಮುಸ್ಲಿಮ್ ಮುಖಂಡರೂ ಇದ್ದರು. ತಡೆದ ಪುಟಗಳಿಗಿಂತ ಆ ಮುಖಾಮುಖಿ ಮಾತೇ ಹೆಚ್ಚು ಕೆಲಸ ಮಾಡಿತೆಂದು ನಮ್ಮ ನಂಬಿಕೆ.

2020ರ ಆಗಸ್ಟ್ 11ರಂದು ಅದೇ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ನಡೆದದ್ದೇನು? ಪ್ರವಾದಿಯವರನ್ನು(ಸ) ನಿಂದಿಸಿದ ಒಂದು ಫೇಸ್‌ಬುಕ್ ಬರಹಕ್ಕೆ ಉತ್ತರವಾಗಿ ಶಾಸಕರ ಮನೆಗೆ, ಠಾಣೆಗೆ ಬೆಂಕಿ ಬಿತ್ತು. ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ನೂರಾರು ಯುವಕರು ಜೈಲು ಸೇರಿದರು, ಅನೇಕರ ಮೇಲೆ ಯುಎಪಿಎ ಬಿತ್ತು. ದೂರು ದಾಖಲಿಸಲು ತಡಮಾಡಿದರೆಂಬ ಸಿಟ್ಟು ಇತ್ತು, ಇರಬಹುದು. ಬರೆದವನ ಬಂಧನವೂ ಆಯಿತು. ಆದರೆ ಆ ರಾತ್ರಿ ಉರಿದ ಪ್ರತಿಯೊಂದು ವಾಹನವೂ, ಈ ಜನರಿಗೆ ಮಾತಿನ ಸ್ವಾತಂತ್ರ್ಯ ಕೊಟ್ಟರೆ ಇದೇ ಗತಿ ಎಂದು ವಾದಿಸುವವರಿಗೆ ನಾವಾಗಿಯೇ ಕೊಟ್ಟ ಸಾಕ್ಷ್ಯವಾಯಿತು. ಪ್ರವಾದಿಯವರು(ಸ) ತಮ್ಮನ್ನು ನಿಂದಿಸಿದವರೊಂದಿಗೆ ಹೇಗೆ ನಡೆದುಕೊಂಡರೆಂದು ಪ್ರತಿ ರಬೀವುಲ್ ಅವ್ವಲ್‌ನಲ್ಲಿ ಭಾಷಣ ಕೇಳುವ ನಾವು, ಆ ಭಾಷಣಗಳನ್ನು ಸಭಾಂಗಣದಲ್ಲೇ ಬಿಟ್ಟು ಬರುತ್ತೇವೆಯೇ?

ವಾಟ್ಸಾಪ್ ಗುಂಪುಗಳ ಕುರಿತು ಹೆಚ್ಚು ಬರೆಯುವುದಿಲ್ಲ. ಸುದ್ದಿ ತಂದವನ ಮಾತನ್ನು ಪರಿಶೀಲಿಸಬೇಕೆಂಬ ಕುರ್‌ಆನಿನ ಆಜ್ಞೆಯನ್ನು ಮದ್ರಸಾದ ಮಕ್ಕಳೂ ಬಲ್ಲರು. ಅದನ್ನು ಮರೆಯುವವರು ದೊಡ್ಡವರು, ಅದೂ ಫಜ್ರ್ ನಮಾಝ್ ಮುಗಿಸಿದ ಕೂಡಲೇ.

ನಮ್ಮ ಇನ್ನೂ ದೊಡ್ಡ ತಪ್ಪು ಬೇರೆಯೇ ಇದೆ. ತಡೆಯುವ ಅಧಿಕಾರ ನಮ್ಮವರೆನಿಸಿದವರ ಕೈಯಲ್ಲಿದ್ದರೆ ನಮಗದು ಸಿಹಿಯಾಗುತ್ತದೆ. ಕರ್ನಾಟಕದಲ್ಲಿ 2025ರ ಜೂನ್‌ನಲ್ಲಿ ಸುಳ್ಳುಸುದ್ದಿ ತಡೆ ಮಸೂದೆಯ ಕರಡು ಹೊರಬಂತು. ಸುಳ್ಳುಸುದ್ದಿಗೆ ಏಳು ವರ್ಷಗಳವರೆಗೆ ಜೈಲು, ಮಂತ್ರಿಯ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರ. ನಮ್ಮ ಜನರು ಚಪ್ಪಾಳೆ ತಟ್ಟಿದರು. ಡಿಸೆಂಬರ್‌ನಲ್ಲಿ ದ್ವೇಷ ಭಾಷಣ ಮತ್ತು ದ್ವೇಷಾಪರಾಧ ತಡೆ ಮಸೂದೆಯನ್ನು ವಿಧಾನಮಂಡಲದ ಎರಡೂ ಸದನಗಳು ಅಂಗೀಕರಿಸಿದವು. ದ್ವೇಷ ಭಾಷಣದ ಗಾಯ ಎಂಥದ್ದೆಂದು ಕರಾವಳಿಯ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದರ ವಿರುದ್ಧ ಕಠಿಣ ಕಾನೂನು ಬೇಕೆಂಬುದು ನಮ್ಮ ಹಳೆಯ ಬೇಡಿಕೆ. ಭಾಷಣಕಾರನ ಮೇಲೆ ಮೊಕದ್ದಮೆ ಹೂಡಿ, ತೆರೆದ ನ್ಯಾಯಾಲಯದಲ್ಲಿ ವಾದಿಸಿ, ಸಾಬೀತಾದರೆ ಶಿಕ್ಷಿಸಲಿ. ಆದರೆ ಅದೇ ಮಸೂದೆಯಲ್ಲಿ, ಗೊತ್ತುಪಡಿಸಿದ ಅಧಿಕಾರಿಯು ಜಾಲತಾಣಗಳಿಂದ ಬರಹಗಳನ್ನು ತೆಗೆಸಬಹುದೆಂಬ ಒಂದು ವಿಧಿಯೂ ಇದೆ. ಅದನ್ನು ನಮ್ಮಲ್ಲಿ ಎಷ್ಟು ಮಂದಿ ಗಮನಿಸಿದ್ದೇವೆ? ಇಂದು ಆ ಅಧಿಕಾರಿಯನ್ನು ನೇಮಿಸುವವರು ಒಂದು ಪಕ್ಷದವರು. ನಾಳೆ? ಕರ್ನಾಟಕದ ಮತದಾರ ಸರಕಾರವನ್ನು ಬದಲಾಯಿಸದೆ ಬಿಟ್ಟ ಚುನಾವಣೆಗಳು ಎಷ್ಟಿವೆಯೆಂದು ಎಣಿಸಿ ನೋಡಲಿ.

ಇದು ಊಹೆಯ ಭಯವಲ್ಲ. ದೇಶದಾದ್ಯಂತ ಮುಸ್ಲಿಮರ ಮತ್ತು ಕ್ರೈಸ್ತರ ವಿರುದ್ಧದ ದ್ವೇಷ ಭಾಷಣಗಳನ್ನು ದಿನಾಂಕ, ಸ್ಥಳ ಸಹಿತ ದಾಖಲಿಸುತ್ತಿದ್ದ ಹಿಂದುತ್ವ ವಾಚ್ ಎಂಬ ಖಾತೆಯನ್ನು 2024ರ ಜನವರಿಯಲ್ಲಿ ಭಾರತದಲ್ಲಿ ತಡೆಹಿಡಿಯಲಾಯಿತು. ಭಾಷಣ ಮಾಡಿದವರು ಮುಂದಿನ ಊರಿನ ವೇದಿಕೆಗೆ ಹೋದರು, ಭಾಷಣವನ್ನು ದಾಖಲಿಸಿದವರ ಪುಟ ಮುಚ್ಚಿತು. ದ್ವೇಷದ ವೀಡಿಯೋವನ್ನು ಅಳಿಸಿಹಾಕಿ ಎಂದು ಕೂಗುವ ನಾವು ಇದನ್ನೂ ಯೋಚಿಸಬೇಕು. ಅಳಿಸಿದ ಮೇಲೆ ಮೊಕದ್ದಮೆಗೆ ಸಾಕ್ಷ್ಯವೆಲ್ಲಿ? ಅಳಿಸುವಿಕೆಯಿಂದ ಹೆಚ್ಚಿನ ಉಪಕಾರವಾಗುವುದು ಕೆಲವೊಮ್ಮೆ ಭಾಷಣಕಾರನಿಗೇ.

ಹಾಗಾದರೆ ನಾಗರಿಕ ಮಾಡಬೇಕಾದದ್ದೇನು? ನೆರೆಯ ನೇಪಾಳದ ಯುವಜನರು ಒಂದು ಉತ್ತರ ಕೊಟ್ಟರು. 2025ರ ಸೆಪ್ಟೆಂಬರ್ 4ರಂದು ಅಲ್ಲಿನ ಸರಕಾರ 26 ಜಾಲತಾಣಗಳನ್ನು ಮುಚ್ಚಿತು. ಭ್ರಷ್ಟಾಚಾರದ ಮೇಲೆ ಮೊದಲೇ ಕುದಿಯುತ್ತಿದ್ದ ಹುಡುಗರು 8ರಂದು ಬೀದಿಗಿಳಿದರು. ಒಂದೇ ದಿನ 19 ಮಂದಿ ಸತ್ತರು. ಮರುದಿನ ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು. ಆದರೆ ಅದೇ ದಿನ ಸಂಸತ್ತಿನೊಂದಿಗೆ ಸುಪ್ರೀಮ್ ಕೋರ್ಟಿನ ಕಟ್ಟಡವೂ ಉರಿಯಿತು. ಅನ್ಯಾಯವನ್ನು ಪ್ರಶ್ನಿಸಬೇಕಾದ ಕಡತಗಳೂ ಅದರೊಳಗಿದ್ದವು. ಆ ಯುವಕರ ಸಿಟ್ಟನ್ನು ಅರ್ಥಮಾಡಿಕೊಳ್ಳಬಲ್ಲೆವು, ಆ ದಾರಿಯನ್ನು ಮಾತ್ರ ನಮ್ಮ ಮಕ್ಕಳಿಗೆ ತೋರಿಸಲಾರೆವು. ಡಿ.ಜೆ. ಹಳ್ಳಿಯ ತಾಯಂದಿರನ್ನು ಕೇಳಿದರೆ ಅವರೂ ತೋರಿಸಲಾರರು.

ಇನ್ನು ಕೆಲವರು ವಿಪಿಎನ್ ಹಾಕಿಕೊಂಡು ಅಡ್ಡದಾರಿಯಲ್ಲಿ ನೋಡಿ ಗೆದ್ದೆವೆಂದುಕೊಳ್ಳುತ್ತಾರೆ. ಅದು ಗೋಡೆಯನ್ನು ಹಾರುವ ಚತುರತೆ, ಅಷ್ಟೇ. ಗೋಡೆ ಅಲ್ಲೇ ಇರುತ್ತದೆ, ಹಾರಲು ಬಾರದ ನಮ್ಮ ಅಜ್ಜಿ ಒಳಗೇ ಇರುತ್ತಾರೆ. ಇದಕ್ಕಿಂತ ನಮಗೆ ಮೆಚ್ಚುಗೆಯಾದದ್ದು 2023ರ ಜನವರಿಯಲ್ಲಿ ವಿದ್ಯಾರ್ಥಿಗಳು ಮಾಡಿದ್ದು. 2002ರ ಗುಜರಾತಿನ ಕುರಿತ ಬಿಬಿಸಿಯ ಸಾಕ್ಷ್ಯಚಿತ್ರವನ್ನು ತುರ್ತು ಅಧಿಕಾರ ಬಳಸಿ ತಡೆದಾಗ ಅವರು ಅದನ್ನು ವಿಶ್ವವಿದ್ಯಾನಿಲಯದ ಅಂಗಳದಲ್ಲಿ, ಎಲ್ಲರೆದುರು ತೋರಿಸುತ್ತೇವೆಂದು ಘೋಷಿಸಿದರು. ಜೆಎನ್‌ಯುವಿನಲ್ಲಿ ಅಂದು ರಾತ್ರಿ ವಿದ್ಯುತ್ ಹೋಯಿತು. ಹುಡುಗರು ಕತ್ತಲಲ್ಲೇ ಕುಳಿತು ಮೊಬೈಲುಗಳಲ್ಲಿ ನೋಡಿದರು. ಅವರು ಆರಿಸಿಕೊಂಡದ್ದು ಕಲ್ಲಿನ ದಾರಿಯೂ ಅಲ್ಲ, ಕದ್ದು ನೋಡುವ ದಾರಿಯೂ ಅಲ್ಲ. ಕುನಾಲ್ ಕಾಮ್ರಾ ಎಂಬ ಹಾಸ್ಯಗಾರನ ದಾರಿಯೂ ಗಮನಾರ್ಹ. ಸರಕಾರದ ಕುರಿತ ಸುದ್ದಿಯಲ್ಲಿ ಸುಳ್ಳು ಯಾವುದೆಂದು ಸರಕಾರದ ಘಟಕವೇ ತೀರ್ಮಾನಿಸುತ್ತದೆ ಎಂಬ 2023ರ ನಿಯಮದ ವಿರುದ್ಧ ಆತ ಬಾಂಬೆ ಹೈಕೋರ್ಟಿಗೆ ಹೋದರು. ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು, ಮೂರನೆಯವರು 2024ರ ಸೆಪ್ಟೆಂಬರ್‌ನಲ್ಲಿ ಆ ನಿಯಮದ ವಿರುದ್ಧ ನಿಂತರು, ನಿಯಮ ರದ್ದಾಯಿತು. ನಗಿಸುವವನಿಗಿದ್ದ ಗಟ್ಟಿತನ ನಮ್ಮ ಜಮಾಅತಿನ ಪದಾಧಿಕಾರಿಗಳಿಗೂ ಇರಬೇಕೆಂದು ಬಯಸಿದರೆ ತಪ್ಪೇ? ಪ್ರತಿ ಪಟ್ಟಣದಲ್ಲಿಯೂ ನಮ್ಮವರಾದ ನಾಲ್ಕೈದು ವಕೀಲರಿದ್ದಾರೆ. ಮದುವೆ ಮಂಟಪದ ಬಾಡಿಗೆ ತಗಾದೆಗೆ ಕರೆಯುವ ನಾವು ಇಂಥ ಸಂಗತಿಗೆ ಅವರನ್ನು ಕರೆದದ್ದುಂಟೇ?

ಆ ಯುವಕ ಮತ್ತು ಅವನ ತಂದೆ ಮತ್ತೆ ನಮ್ಮಲ್ಲಿಗೆ ಬಂದಾಗ ವಕೀಲರೊಬ್ಬರನ್ನೂ ಕೂರಿಸಿಕೊಂಡೆವು. ಪುಟದ ಬರಹಗಳ ಪ್ರತಿ ಇದೆಯೇ ಎಂದು ಅವರು ಮೊದಲು ಕೇಳಿದರು. ಹೆಚ್ಚಿನದು ಇರಲಿಲ್ಲ. ಗೆಳೆಯರ ಮೊಬೈಲುಗಳಿಂದ ಹುಡುಕಿ ಸಿಕ್ಕಿದಷ್ಟನ್ನು ಮುದ್ರಿಸಿಕೊಂಡೆವು. ಬಳಿಕ ಎರಡು ಅರ್ಜಿಗಳು ಸಿದ್ಧವಾದವು. ಯಾವ ಬರಹಕ್ಕಾಗಿ, ಯಾವ ಕಲಮಿನಡಿ, ಯಾರ ಆದೇಶದಿಂದ ಈ ಪುಟವನ್ನು ತಡೆಯಲಾಗಿದೆ, ಆದೇಶದ ಪ್ರತಿಯನ್ನು ಕೊಡಿ ಎಂದು ಒಂದು ಕಂಪೆನಿಗೆ; ಅದೇ ಪ್ರಶ್ನೆಯನ್ನು ಮಾಹಿತಿ ಹಕ್ಕಿನಡಿ ಇನ್ನೊಂದು ಇಲಾಖೆಗೆ. ಗುಟ್ಟಿನ ನಿಯಮ ತೋರಿಸಿ ನಿರಾಕರಿಸಿಯಾರು, ನಿರಾಕರಿಸಲಿ, ಆ ನಿರಾಕರಣೆ ಕಾಗದದಲ್ಲಿ ಬಂದರೆ ಅದನ್ನೇ ಹಿಡಿದು ಹೈಕೋರ್ಟಿಗೆ ಹೋಗಬಹುದೆಂದು ವಕೀಲರು ಹೇಳಿದರು. ಶುಲ್ಕದ ಮಾತೆತ್ತಿದ ತಂದೆಗೆ, ಅದನ್ನು ಆಮೇಲೆ ನೋಡೋಣ ಎಂದರು. ಅರ್ಜಿಯ ಕೆಳಗೆ ಮಗ ಸಹಿ ಹಾಕುವಾಗ ತಂದೆ ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ಲಕೋಟೆಯನ್ನು ತಾವೇ ತೆಗೆದುಕೊಂಡು, "ಅಂಚೆ ಕಚೇರಿ ನಮ್ಮ ಅಂಗಡಿಯ ದಾರಿಯಲ್ಲೇ ಇದೆ, ನಾನು ಹಾಕುತ್ತೇನೆ" ಎಂದು ಹೊರಟರು. ಸ್ಪೀಡ್ ಪೋಸ್ಟಿನ ಎರಡು ರಶೀದಿಗಳು ಅವರ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿವೆ. ಇದನ್ನು ಬರೆಯುವ ಹೊತ್ತಿನವರೆಗೆ ಉತ್ತರ ಬಂದಿಲ್ಲ.